ಕಾರ್ಯದರ್ಶಿ ರಹೀಂ ಸಾಹೇಬರು

1956ನೆಯ ಇಸವಿಯ ನವೆಂಬರ್ 1ರಂದು ಹೈದರಾಬಾದ್ ರಾಜ್ಯವು ಭಾರತದ ಭೂಪಟದಿಂದ ಮರೆಯಾಯಿತು. ಗುಲ್ಬರ್ಗಾ, ರಾಯಚೂರು, ಬೀದರ ಜಿಲ್ಲೆಗಳ ಕನ್ನಡ ಪ್ರದೇಶಗಳು ಮೈಸೂರು ರಾಜ್ಯಕ್ಕೂ, ಮರಾಠವಾಡೆಯು ಮುಂಬಯಿ ರಾಜ್ಯಕ್ಕೂ, ತೆಲಂಗಾಣವು ಹೊಸದಾಗಿ ಉದಯಿಸಿದ ಆಂಧ್ರ ಪ್ರದೇಶಕ್ಕೂ ಸೇರಿಹೋದುವು. ಅದಾದ ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಮೆಲ್ಬರ್ನಿನ ಒಲಿಂಪಿಕ್ ಕೂಟದಲ್ಲಿ ಭಾರತದ ಕಾಲ್ಚೆಂಡು ತಂಡವು ಆತಿಥೇಯ ಆಸ್ಟ್ರೇಲಿಯವನ್ನು 4–2 ಗೋಲುಗಳಿಂದ ಸೋಲಿಸಿ, ಒಲಿಂಪಿಕ್ ಉಪಾಂತ್ಯವನ್ನು ಮುಟ್ಟಿದ ಏಷ್ಯದ ಮೊದಲ ತಂಡವೆನಿಸಿತು. ಆ ತಂಡದೊಡನೆ ಹೋಗಿದ್ದವರಲ್ಲಿ ಅಜೀಜುದ್ದೀನ್, ನೂರ್ ಮಹಮ್ಮದ್, ಅಹಮದ್ ಹುಸೇನ್, ಜುಲ್ಫಿಕರುದ್ದೀನ್, ತುಳಸೀದಾಸ ಬಲರಾಂ ಮೊದಲಾದವರು ಹೈದರಾಬಾದಿನವರು. ತಂಡದ ಶಿಕ್ಷಕರೂ ಹೈದರಾಬಾದಿನವರೇ. ರಾಜ್ಯವಿಲ್ಲವಾಗಿದ್ದರೂ ಅದರ ಹೆಸರು ಕ್ರೀಡಾಕ್ಷೇತ್ರದಲ್ಲಿ ಅಳಿಯಲಿಲ್ಲ. 1956 ಮತ್ತು 1957ರ ಎರಡು ಸಾಲುಗಳಲ್ಲಿಯೂ ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿನ ಸಂತೋಷ್ ಟ್ರೋಫಿಯನ್ನು ಗೆದ್ದುದು ‘ಹೈದರಾಬಾದ್’ ಎಂಬ ಹೆಸರಿನ ತಂಡವೇ ಆಗಿದ್ದಿತು.

ಸಿಂಹಾಸನ, ಶಾಸನಸಭೆ, ಗಡಿ ಇವೆಲ್ಲವೂ ಅಳಿದ ಬಳಿಕವೂ ಉಳಿದುಬಂದುದು ಒಂದು ಫುಟ್‌ಬಾಲ್ ಸಂಘ. ಆ ಸಂಘಕ್ಕೆ 1943ರಿಂದ 1963ರ ವರೆಗೆ, ಇಪ್ಪತ್ತು ವರ್ಷಗಳ ಕಾಲ, ಒಬ್ಬರೇ ಕಾರ್ಯದರ್ಶಿಯಾಗಿದ್ದರು: ಸೈಯದ್ ಅಬ್ದುಲ್ ರಹೀಂ. ಭಾರತಕ್ಕೆ ಎರಡು ಬಾರಿ ಏಷ್ಯನ್ ಕ್ರೀಡಾಕೂಟದ ಸ್ವರ್ಣಪದಕವನ್ನು ತಂದುಕೊಟ್ಟ ತರಬೇತುದಾರರೆಂದು ಅವರ ಕೀರ್ತಿ ಪ್ರಸಿದ್ಧವಾದುದೇ. 2024ರಲ್ಲಿ ತೆರೆಕಂಡ ‘ಮೈದಾನ್’ ಎಂಬ ಹಿಂದೀ ಚಲನಚಿತ್ರವು ಆ ಕೀರ್ತಿಯನ್ನು ಮತ್ತೊಂದು ತಲೆಮಾರಿಗೆ ಮುಟ್ಟಿಸಿತು. ಆದರೆ ಪದಕಗಳ ಪ್ರಭೆಯಲ್ಲಿ ಕಾರ್ಯದರ್ಶಿಯ ಕೆಲಸವು ಕಣ್ಣಿಗೆ ಬೀಳದೆ ಹೋಗಿದೆ. ತರಬೇತುದಾರ ರಹೀಮರು ಬೆಳೆದುದು ಕಾರ್ಯದರ್ಶಿ ರಹೀಮರ ನೆರಳಿನಲ್ಲಿ. ಮೊದಲನೆಯವರನ್ನು ತಿಳಿಯಬೇಕಾದರೆ ಎರಡನೆಯವರನ್ನು ಮೊದಲು ಪರಿಚಯಿಸಿಕೊಳ್ಳಬೇಕು.

ರಹೀಮರು ಹುಟ್ಟಿದುದು ಹೈದರಾಬಾದಿನಲ್ಲಿ, 1909ರ ಆಗಸ್ಟ್ 17ರಂದು. ಆಗ ಆರನೆಯ ನಿಜಾಮ ಮೀರ್ ಮಹಬೂಬ್ ಅಲೀ ಖಾನನ ಆಳ್ವಿಕೆ ಇನ್ನೂ ಮುಗಿದಿರಲಿಲ್ಲ. ಮುಂದೆ 1918ರಲ್ಲಿ ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಸ್ಥಾಪಿತವಾಗಿ, ಕಲ್ಬುರ್ಗಿ ರಾಯಚೂರುಗಳ ಕನ್ನಡ ತರುಣರೂ ಉಚ್ಚ ಶಿಕ್ಷಣಕ್ಕಾಗಿ ಅತ್ತ ಮುಖಮಾಡುವಂತಾಯಿತು. ರಹೀಮರು ಅಲ್ಲಿಯೇ ಓದಿ, ವಿಶ್ವವಿದ್ಯಾನಿಲಯದ ತಂಡದಲ್ಲಿ ಆಡಿ ಹೆಸರು ಪಡೆದರು. ಸಿಟಿ ಕಾಲೇಜಿನ ಹಳೆಯ ಮತ್ತು ಹೊಸ ವಿದ್ಯಾರ್ಥಿಗಳು ಕಟ್ಟಿಕೊಂಡಿದ್ದ ‘ಇಲೆವೆನ್ ಹಂಟರ್ಸ್’ ಎಂಬ ತಂಡದ ಪರವಾಗಿಯೂ ಅವರು ಆಡುತ್ತಿದ್ದರು. ಆ ಕಾಲದ ಆಟಗಾರನಿಗೆ ಆಟವೇ ಜೀವನೋಪಾಯವಾಗುವ ಮಾತಿರಲಿಲ್ಲ. ರಹೀಮರು ಉಪಾಧ್ಯಾಯ ವೃತ್ತಿಯನ್ನು ಹಿಡಿದರು. ಕಾಚಿಗೂಡ, ಚಾದರ್‌ಘಾಟ್ ಮೊದಲಾದೆಡೆಗಳ ಶಾಲೆಗಳಲ್ಲಿ ಪಾಠ ಹೇಳಿದರು. ಅನಂತರ ದೈಹಿಕ ಶಿಕ್ಷಣದ ಡಿಪ್ಲೊಮಾ ಪಡೆದು ಶಾಲೆಯ ಕ್ರೀಡಾ ವಿಭಾಗದ ಹೊಣೆಯನ್ನು ಹೊತ್ತರು. ಕಾಚಿಗೂಡವು ಹೈದರಾಬಾದಿನ ಕನ್ನಡಿಗರಿಗೆ ಚಿರಪರಿಚಿತವಾದ ಬಡಾವಣೆಯೆಂಬುದನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಈ ಅಧ್ಯಾಪಕತ್ವವು ಅವರ ಜೀವನದಲ್ಲಿ ಒಂದು ಆಕಸ್ಮಿಕವಲ್ಲ. ಕೈಗೆ ಅಧಿಕಾರ ಬಂದಾಗ ಅವರು ಸಂಘವನ್ನು ನಡೆಸಿದ ರೀತಿ ಒಬ್ಬ ಹೆಡ್‌ಮಾಸ್ತರು ಶಾಲೆಯನ್ನು ನಡೆಸುವ ರೀತಿಯದಾಗಿದ್ದಿತು. ಹುಡುಗನನ್ನು ಮೊದಲು ಗುರುತಿಸಬೇಕು, ಅವನ ಕುಂದನ್ನು ತಿಳಿಯಬೇಕು, ಆ ಕುಂದನ್ನು ನೀಗುವ ಅಭ್ಯಾಸವನ್ನು ಕೊಡಬೇಕು, ಕಡೆಗೆ ಅವನಿಗೊಂದು ಅನ್ನದ ದಾರಿಯನ್ನು ತೋರಿಸಬೇಕು. ಈ ಕ್ರಮದಲ್ಲಿ ಯಾವ ಮೆಟ್ಟಿಲನ್ನೂ ಅವರು ಹಾರಿದಂತೆ ತೋರುವುದಿಲ್ಲ.

1943ರಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಘದ ಕಾರ್ಯದರ್ಶಿತ್ವವನ್ನು ವಹಿಸಿಕೊಂಡ ರಹೀಮರಿಗೆ ಆಗ ಮೂವತ್ತನಾಲ್ಕರ ಪ್ರಾಯ. ಭಾರತದ ಕಾಲ್ಚೆಂಡಾಟದ ಕೇಂದ್ರವು ಅಂದು ಕಲಕತ್ತೆಯಾಗಿದ್ದಿತು. ಅಲ್ಲಿಯ ಸಂಘವು 1893ರಷ್ಟು ಹಳೆಯದು. ಹಣ, ಪತ್ರಿಕೆಗಳು, ಪ್ರೇಕ್ಷಕರು ಎಲ್ಲವೂ ಅಲ್ಲಿಯೇ. ದಕ್ಷಿಣದಲ್ಲಿ ಬೆಂಗಳೂರಿನ ದಂಡುಪ್ರದೇಶವು ಆ ಆಟದ ಇನ್ನೊಂದು ತವರು. 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡವು ಬೆಂಗಳೂರು ಮುಸ್ಲಿಮ್ಸ್ ಎಂಬುದನ್ನೂ, ಮರುವರ್ಷವೂ ಅದೇ ತಂಡವು ಆ ಕಪ್ಪನ್ನು ಉಳಿಸಿಕೊಂಡಿತೆಂಬುದನ್ನೂ ಇಂದು ಬೆಂಗಳೂರಿಗರೇ ಮರೆತಿದ್ದಾರೆ. ಹೈದರಾಬಾದಿಗೆ ಇಂತಹ ಪೂರ್ವಕೀರ್ತಿಯಿರಲಿಲ್ಲ. ಹೈದರಾಬಾದ್ ನಗರ ಪೋಲೀಸ್ ತಂಡವು ಹೊರನಾಡಿನಲ್ಲಿ ಮೊದಲು ಗಣ್ಯತೆಗೆ ಬಂದುದು 1943ರಲ್ಲಿ, ಬೆಂಗಳೂರಿನಲ್ಲಿಯೇ ನಡೆದ ಆಶ್ ಸ್ವರ್ಣ ಕಪ್ಪಿನ ಪಂದ್ಯಾವಳಿಯಲ್ಲಿ ಬ್ರಿಟಿಷ್ ವಾಯುಪಡೆಯ ತಂಡವನ್ನು ಸೋಲಿಸಿದಾಗ.

ಕಾರ್ಯದರ್ಶಿಯಾದವನು ಸಾಮಾನ್ಯವಾಗಿ ಮಾಡುವ ಕೆಲಸವೆಂದರೆ ಪಂದ್ಯಗಳ ವೇಳಾಪಟ್ಟಿಯನ್ನು ಸಿದ್ಧಪಡಿಸುವುದು, ಚಂದಾ ವಸೂಲಿ, ತಂಟೆ ತಕರಾರುಗಳ ವಿಚಾರಣೆ. ರಹೀಮರು ಇವುಗಳ ಜೊತೆಗೆ ವಿಲಕ್ಷಣವೆನ್ನಬಹುದಾದ ಕೆಲವು ಪಂದ್ಯಾವಳಿಗಳನ್ನು ಏರ್ಪಡಿಸಿದರು. ಒಂದರಲ್ಲಿ ಚೆಂಡನ್ನು ಕಾಲಿನಲ್ಲಿ ಹೊರಳಿಸಿಕೊಂಡು ಓಡುವುದೇ ನಿಷಿದ್ಧ. ಬಂದ ಚೆಂಡನ್ನು ಕೂಡಲೇ ಜೊತೆಯವನಿಗೆ ದಾಟಿಸಬೇಕು. ಇನ್ನೊಂದರಲ್ಲಿ ಆಟಗಾರನು ತನ್ನ ಬಲವಾದ ಕಾಲನ್ನು ಬಿಟ್ಟು ದುರ್ಬಲವಾದ ಕಾಲಿನಿಂದಲೇ ಒದೆಯಬೇಕು. ಮತ್ತೊಂದು ಪಂದ್ಯಾವಳಿಗೆ ನಾಲ್ಕು ಅಡಿ ಹತ್ತು ಅಂಗುಲಕ್ಕಿಂತ ಕಡಮೆ ಎತ್ತರದ ಹುಡುಗರಿಗೆ ಮಾತ್ರ ಪ್ರವೇಶ. ಹುಟ್ಟಿದ ತಾರೀಖಿನ ದಾಖಲೆಯಿಲ್ಲದ ಬಡ ಹುಡುಗರೇ ಹೆಚ್ಚಾಗಿದ್ದ ಊರಿನಲ್ಲಿ ವಯಸ್ಸಿನ ವಿವಾದವನ್ನು ಅಳತೆಗೋಲಿನಿಂದಲೇ ಮುಗಿಸುವ ಉಪಾಯ ಇದಾಗಿದ್ದಿರಬೇಕೆಂದು ಊಹಿಸಬಹುದು.

ಇವು ವಿನೋದಕ್ಕಾಗಿ ಹೂಡಿದ ಪಂದ್ಯಗಳೆಂದು ಭಾವಿಸಿದರೆ ತಪ್ಪಾದೀತು. ಅಂದಿನ ಭಾರತೀಯ ಆಟಗಾರನ ಮುಖ್ಯ ದೋಷವೆಂದರೆ ಚೆಂಡನ್ನು ಬಿಡಲಾರದ ಮೋಹ. ಬರಿಗಾಲಿನಲ್ಲಿ ಆಡಿ ಬೆಳೆದವನಿಗೆ ಚೆಂಡಿನ ಮೇಲೆ ಅಸಾಧಾರಣವಾದ ಹಿಡಿತವಿರುತ್ತಿದ್ದಿತು. ಇಬ್ಬರು ಮೂವರನ್ನು ವಂಚಿಸಿ ನುಗ್ಗಿದಾಗ ಪ್ರೇಕ್ಷಕರ ಕರತಾಡನವೂ ದೊರೆಯುತ್ತಿದ್ದಿತು. ನಾಲ್ಕನೆಯವನು ಚೆಂಡನ್ನು ಕಸಿದುಕೊಂಡೊಯ್ಯುವುದು ಮಾತ್ರ ಯಾರ ಲಕ್ಷ್ಯಕ್ಕೂ ಬರುತ್ತಿರಲಿಲ್ಲ. ಇದನ್ನು ಉಪದೇಶದಿಂದ ತಿದ್ದುವುದು ಕಷ್ಟ, ನಿಯಮದಿಂದ ತಿದ್ದುವುದು ಸುಲಭ. ತರಬೇತುದಾರನು ಉಪದೇಶ ಮಾಡಬಲ್ಲನು. ನಿಯಮ ಮಾಡುವ ಅಧಿಕಾರವಿರುವುದು ಸಂಘಕ್ಕೆ. ರಹೀಮರ ವೈಶಿಷ್ಟ್ಯವೆಲ್ಲವೂ ಈ ಸಂಧಿಸ್ಥಾನದಲ್ಲಿದೆ. ತಾವು ಶಿಕ್ಷಕರಾಗಿ ಬಯಸಿದ ಗುಣವನ್ನು ಕಾರ್ಯದರ್ಶಿಯಾಗಿ ಇಡೀ ಊರಿನ ಮೇಲೆ ಕಟ್ಟಳೆಯಾಗಿ ವಿಧಿಸಲು ಅವರಿಗೆ ಸಾಧ್ಯವಾಯಿತು. ಹೈದರಾಬಾದಿನ ಆಟವೆಂದರೆ ನೆಲಕ್ಕಂಟಿದ, ಗಿಡ್ಡ ಅಂತರದ, ಚುರುಕಾದ ಚೆಂಡು ರವಾನೆ ಎಂದು ದೇಶದಲ್ಲೆಲ್ಲ ಹೆಸರಾದುದು ಹೀಗೆ.

ಪೋಲೀಸ್ ಇಲಾಖೆಯ ಆಶ್ರಯವು ಈ ವ್ಯವಸ್ಥೆಯ ಮತ್ತೊಂದು ಕಂಬ. ಆಟದಲ್ಲಿ ನುರಿತ ಹುಡುಗನಿಗೆ ಪೋಲೀಸಿನಲ್ಲಿ ಕೆಲಸ ದೊರೆತರೆ ತಿಂಗಳ ಸಂಬಳ ನಿಶ್ಚಿತ, ಅಭ್ಯಾಸಕ್ಕೆ ಸಮಯವೂ ಸಿಕ್ಕೀತು. 1948ರ ಸೆಪ್ಟೆಂಬರಿನ ಸೇನಾ ಕಾರ್ಯಾಚರಣೆಯಿಂದ ನಿಜಾಮನ ಆಡಳಿತವು ಕೊನೆಗೊಂಡು ನಾಡೆಲ್ಲ ತಲ್ಲಣಿಸಿದ್ದ ಕಾಲದಲ್ಲಿಯೂ ಈ ತಂಡವು ಒಡೆಯಲಿಲ್ಲ. ಅದಾದ ಎರಡೇ ವರ್ಷಕ್ಕೆ, 1950ರಲ್ಲಿ, ಹೈದರಾಬಾದ್ ಪೋಲೀಸರು ರೋವರ್ಸ್ ಕಪ್ಪನ್ನು ಗೆದ್ದರು. ಗೆದ್ದವರು 1954ರ ವರೆಗೆ, ಐದು ವರ್ಷ ಸತತವಾಗಿ, ಅದನ್ನು ಬಿಟ್ಟುಕೊಡಲಿಲ್ಲ. ದೆಹಲಿಯ ಡ್ಯುರಾಂಡ್ ಕಪ್ಪಿನ 1950ರ ಸಾಲಿನ ಅಂತಿಮ ಪಂದ್ಯದಲ್ಲಿ ಕಲಕತ್ತೆಯ ಮೋಹನ್ ಬಗಾನ್ ತಂಡವನ್ನು ಸೋಲಿಸಿದರು. 1954ರಲ್ಲಿ ಅದೇ ಕಪ್ಪಿನ ಅಂತಿಮ ಪಂದ್ಯದಲ್ಲಿ ಅವರಿಗೆ ಇದಿರಾದುದು ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ತಂಡ. ಅಂದರೆ ಆ ವರ್ಷ ದೆಹಲಿಯ ಮೈದಾನದಲ್ಲಿ ಕಡೆಯ ತನಕ ಉಳಿದ ಎರಡು ತಂಡಗಳೂ ದಖ್ಖನಿನವು. ಕಪ್ಪು ಹೈದರಾಬಾದಿಗೆ ಹೋಯಿತು.

ಅಂಕಿಗಳಿಗಿಂತ ಒಂದು ಸಣ್ಣ ಸಂಗತಿಯು ಕಾರ್ಯದರ್ಶಿಯ ಕಾರ್ಯವಿಧಾನವನ್ನು ಚೆನ್ನಾಗಿ ತಿಳಿಸುತ್ತದೆ. ಸಿಕಂದರಾಬಾದಿನ ಅಮ್ಮುಗೂಡದ ಬಡ ತಮಿಳು ಕುಟುಂಬದ ಹುಡುಗ ಬಲರಾಂ. ಅವನ ಆಟವನ್ನು ಕಂಡ ರಹೀಮರು ಹೈದರಾಬಾದಿಗೆ ಬಂದು ಅಭ್ಯಾಸ ಮಾಡುವಂತೆ ಹೇಳಿದರು. ದಿನವೂ ಅಷ್ಟು ದೂರ ಬರಲು ತನ್ನಲ್ಲಿ ಹಣವಿಲ್ಲವೆಂದು ಹುಡುಗನು ನಿವೇದಿಸಿಕೊಂಡನು. ಬಾಡಿಗೆ ಸೈಕಲ್ಲಿಗೆಂದು ದಿನಕ್ಕೆ ಒಂದು ರೂಪಾಯಿಯಂತೆ ಕೊಡಲು ರಹೀಮರು ಏರ್ಪಾಡು ಮಾಡಿದರು. ಇದನ್ನು ಬಲರಾಮರೇ ತಮ್ಮ ಮುಪ್ಪಿನಲ್ಲಿ ಸ್ಮರಿಸುತ್ತಿದ್ದರು. ಮೆಲ್ಬರ್ನ್ ಮತ್ತು ರೋಮ್ ಒಲಿಂಪಿಕ್ ಕೂಟಗಳಿಗೂ ಜಕಾರ್ತದ ಏಷ್ಯನ್ ಕೂಟಕ್ಕೂ ಭಾರತದ ಪರವಾಗಿ ಹೋದ ಬಲರಾಮರ ಯಾತ್ರೆಯು ಆ ಒಂದು ರೂಪಾಯಿಯ ಸೈಕಲ್ಲಿನ ಮೇಲೆ ಆರಂಭವಾಯಿತು.

ರಾಷ್ಟ್ರೀಯ ತಂಡದ ಹೊಣೆ ರಹೀಮರಿಗೆ ಬಂದುದು 1950ರ ಸುಮಾರಿಗೆ. 1951ರಲ್ಲಿ ದೆಹಲಿಯಲ್ಲಿ ನಡೆದ ಪ್ರಥಮ ಏಷ್ಯನ್ ಕ್ರೀಡಾಕೂಟದ ಅಂತಿಮ ಪಂದ್ಯದಲ್ಲಿ ಮೇವಾಲಾಲರ ಒಂದೇ ಗೋಲಿನಿಂದ ಇರಾನ್ ಸೋತಿತು. ಶೈಲೇನ್ ಮನ್ನಾ ನಾಯಕರಾಗಿದ್ದ ಆ ತಂಡದಲ್ಲಿ ಬೆಂಗಳೂರಿನ ಅಹಮದ್ ಖಾನ್ ಮತ್ತು ವೆಂಕಟೇಶ್ ಇದ್ದರು. ಆದರೆ ಮರುವರ್ಷ ಹೆಲ್ಸಿಂಕಿಯಲ್ಲಿ ಯುಗೋಸ್ಲಾವಿಯವು ಭಾರತವನ್ನು 10–1ರಿಂದ ಸದೆಬಡಿಯಿತು. ಆ ಒಂದು ಗೋಲನ್ನು ಹೊಡೆದವರು ಅಹಮದ್ ಖಾನರೇ. ನಮ್ಮವರಲ್ಲಿ ಹೆಚ್ಚಿನವರು ಉತ್ತರದ ಚಳಿಯಲ್ಲಿ ಬರಿಗಾಲಿನಲ್ಲಿ ಆಡಿದ್ದರು. ಬರಿಗಾಲಿನ ಆಟವನ್ನು ರಾಷ್ಟ್ರಾಭಿಮಾನದ ಚಿಹ್ನೆಯೆಂಬಂತೆ ಹೊಗಳುವ ವಾಡಿಕೆ ಅಲ್ಲಿಗೆ ಕೊನೆಗೊಂಡು, ಬೂಟು ಧರಿಸುವುದು ಕಡ್ಡಾಯವಾಯಿತು.

ನಾಲ್ಕು ವರ್ಷಗಳ ಬಳಿಕ ಮೆಲ್ಬರ್ನಿನ ಉಪಾಂತ್ಯದಲ್ಲಿ ಎದುರು ನಿಂತುದು ಅದೇ ಯುಗೋಸ್ಲಾವಿಯ. ಮುಂಬಯಿಯ ನೆವಿಲ್ ಡಿಸೋಜರು ಆಸ್ಟ್ರೇಲಿಯದ ಮೇಲೆ ಮೂರು ಗೋಲು ಹೊಡೆದಿದ್ದವರು, ಇಲ್ಲಿಯೂ ಮೊದಲ ಗೋಲನ್ನು ಹೊಡೆದರು; ಕೆಲವು ನಿಮಿಷಗಳ ಕಾಲ ಭಾರತವು ಮುಂದಿದ್ದಿತು. ಕಡೆಗೆ 4–1ರಿಂದ ಸೋಲಾಯಿತು. ಕಂಚಿನ ಪದಕದ ಪಂದ್ಯವನ್ನೂ ಬಲ್ಗೇರಿಯಕ್ಕೆ 3–0ಯಿಂದ ಕಳೆದುಕೊಳ್ಳಲಾಯಿತು. ಭಾರತವು ಈ ಹಂತವನ್ನು ತಲಪಲು ಹಂಗೆರಿಯು ಹಿಂದೆಗೆದುಕೊಂಡು ಒಂದು ಸುತ್ತು ಆಡದೆಯೇ ದಾಟಿದುದು ನೆರವಾಯಿತೆಂಬುದೂ ನಿಜವೇ. ಆದರೂ ಅದೇ ಎದುರಾಳಿಯ ಮುಂದೆ 10–1 ಎಂಬುದು 4–1 ಆದುದನ್ನು ಗಣಿಸಬೇಕು. ಎರಡು ಕೂಟಗಳಲ್ಲಿಯೂ ಯುಗೋಸ್ಲಾವಿಯವು ಬೆಳ್ಳಿಯ ಪದಕ ಪಡೆದ ಬಲಾಢ್ಯ ತಂಡವಾಗಿದ್ದಿತು. ಮೆಲ್ಬರ್ನಿಗೆ ಹೋದವರಲ್ಲಿ ಬೆಂಗಳೂರಿನ ಕೆಂಪಯ್ಯನವರೂ ಒಬ್ಬರು.

ಒಂದು ಪ್ರಾಂತದ ಸಂಘದ ಕಾರ್ಯದರ್ಶಿಯೇ ರಾಷ್ಟ್ರೀಯ ತಂಡದ ಶಿಕ್ಷಕನೂ ಆಗಿರುವುದು ಪಕ್ಷಪಾತದ ಶಂಕೆಗೆ ಎಡೆಗೊಡುವ ಸಂಗತಿ. ಹಾಗೆ ಶಂಕಿಸುವುದು ತಪ್ಪೆಂದು ಹೇಳಲಾಗದು. ತತ್ತ್ವತಃ ಅಂತಹ ದ್ವಂದ್ವಾಧಿಕಾರವು ಒಳ್ಳೆಯದಲ್ಲ. ಆದರೆ ನಡೆದುದನ್ನು ನೋಡಿ ತೀರ್ಪು ಹೇಳಬೇಕು. 1962ರ ತಂಡದ ನಾಯಕತ್ವವು ಬಂಗಾಳದ ಚುನಿ ಗೋಸ್ವಾಮಿಯವರದು. ಹಿಂಪಡೆಯ ಆಧಾರಸ್ತಂಭ ಪಂಜಾಬಿನ ಜರ್ನೈಲ್ ಸಿಂಗ್. ಮುಂಪಡೆಯಲ್ಲಿ ಬಂಗಾಳದ ರೈಲ್ವೆ ತಂಡದ ಪಿ. ಕೆ. ಬ್ಯಾನರ್ಜಿ, ಬೆಂಗಳೂರಿನ ಅರುಮೈನಾಯಗಂ. ಹೈದರಾಬಾದಿನ ತಂಗರಾಜ್, ಬಲರಾಂ, ಯೂಸುಫ್ ಖಾನರ ಅರ್ಹತೆಯ ವಿಷಯದಲ್ಲಿ ಯಾರೂ ತಕರಾರು ಎತ್ತಲಾರರು. ಇದಕ್ಕೂ ಮಿಗಿಲಾದ ನಿದರ್ಶನವೊಂದಿದೆ. 1960ರ ರೋಮ್ ಕೂಟಕ್ಕೆ ಹೋದ ತಂಡದಲ್ಲಿ ರಹೀಮರ ಮಗ ಎಸ್. ಎಸ್. ಹಕೀಮರೂ ಇದ್ದರು. ಹಂಗೆರಿ, ಫ್ರಾನ್ಸ್, ಪೆರು ದೇಶಗಳೊಡನೆ ಭಾರತವು ಮೂರು ಪಂದ್ಯಗಳನ್ನಾಡಿತು; ಹಂಗೆರಿಯೊಡನೆ 1–2ರಿಂದ ಮಾತ್ರ ಸೋತು, ಫ್ರಾನ್ಸಿನೊಡನೆ 1–1ರ ಸಮಬಲ ಸಾಧಿಸಿತು. ಈ ಮೂರರಲ್ಲಿ ಒಂದರಲ್ಲಿಯೂ ಶಿಕ್ಷಕ ತಂದೆಯು ಮಗನನ್ನು ಕಣಕ್ಕಿಳಿಸಲಿಲ್ಲ.

1962ರ ಜಕಾರ್ತ ಪ್ರಸಂಗವು ಅನೇಕರಿಗೆ ತಿಳಿದುದೇ. ಇಸ್ರೇಲ್ ಮತ್ತು ತೈವಾನ್ ಕ್ರೀಡಾಪಟುಗಳಿಗೆ ಇಂಡೊನೇಷ್ಯವು ಪ್ರವೇಶ ನಿರಾಕರಿಸಿದುದನ್ನು ಭಾರತೀಯ ಪ್ರತಿನಿಧಿ ಜಿ. ಡಿ. ಸೋಂಧಿಯವರು ಪ್ರತಿಭಟಿಸಿದ್ದರಿಂದ ಅಲ್ಲಿಯ ಜನರು ಕೆರಳಿದ್ದರು. ಭಾರತೀಯ ರಾಯಭಾರ ಕಚೇರಿಯ ಮೇಲೆ ದಾಳಿ ನಡೆದಿತ್ತು. ಮೊದಲ ಪಂದ್ಯದಲ್ಲಿಯೇ ಭಾರತವು ದಕ್ಷಿಣ ಕೊರಿಯಕ್ಕೆ 2–0ಯಿಂದ ಸೋತಿದ್ದಿತು. ಅನಂತರ ಥಾಯ್ಲೆಂಡ್, ಜಪಾನ್, ದಕ್ಷಿಣ ವಿಯೆಟ್ನಾಂ ತಂಡಗಳನ್ನು ಗೆದ್ದು ಅಂತಿಮ ಪಂದ್ಯಕ್ಕೆ ಬಂದಾಗ ಮತ್ತೆ ಅದೇ ಕೊರಿಯವು ಇದಿರಾಯಿತು. 1956 ಮತ್ತು 1960ರ ಏಷ್ಯನ್ ಕಪ್ಪುಗಳೆರಡನ್ನೂ ಗೆದ್ದಿದ್ದ ತಂಡವದು. ತಲೆಗೆ ಪೆಟ್ಟುಬಿದ್ದು ಹೊಲಿಗೆ ಹಾಕಿಸಿಕೊಂಡಿದ್ದ ಜರ್ನೈಲ್ ಸಿಂಗರನ್ನು ಹಿಂಪಡೆಯಿಂದ ಮುಂಪಡೆಗೆ ತಂದು ನಿಲ್ಲಿಸಿದುದು ರಹೀಮರ ಧೈರ್ಯ. ಸೆಪ್ಟೆಂಬರ್ 4ರಂದು ಸೆನಾಯನ್ ಕ್ರೀಡಾಂಗಣದಲ್ಲಿ ಇಡೀ ಜನಸ್ತೋಮವು ಭಾರತದ ವಿರುದ್ಧ ಕೂಗುತ್ತಿದ್ದಿತು. ಭಾರತದ ಪರವಾಗಿ ದನಿಯೆತ್ತಿದವರಲ್ಲಿ ಪಾಕಿಸ್ತಾನದ ಹಾಕಿ ಆಟಗಾರರಿದ್ದರೆಂಬುದು ಇತಿಹಾಸದ ಮಧುರ ವಿನೋದಗಳಲ್ಲೊಂದು. 17ನೆಯ ನಿಮಿಷದಲ್ಲಿ ಬ್ಯಾನರ್ಜಿಯವರೂ 20ನೆಯ ನಿಮಿಷದಲ್ಲಿ ಜರ್ನೈಲರೂ ಗೋಲು ಹೊಡೆದರು. ಪಂದ್ಯವು 2–1ರಲ್ಲಿ ಮುಗಿಯಿತು.

ಪಂದ್ಯದ ಹಿಂದಿನ ದಿನ ರಹೀಮರು ಆಟಗಾರರನ್ನು ಕರೆದು ತಮಗೊಂದು ಕಾಣಿಕೆ ಬೇಕೆಂದು, ಅದು ಆ ಸ್ವರ್ಣಪದಕವೆಂದು ಕೇಳಿದರಂತೆ. ಶ್ವಾಸಕೋಶದ ಅರ್ಬುದ ರೋಗವು ಆಗಲೇ ಅವರ ದೇಹವನ್ನು ಕ್ಷಯಿಸತೊಡಗಿದ್ದಿತು. ಬಹುಕಾಲದ ಧೂಮಪಾನಿಯಾಗಿದ್ದ ಅವರು 1963ರ ಜೂನ್ ತಿಂಗಳಲ್ಲಿ, ಐವತ್ತಮೂರನೆಯ ವಯಸ್ಸಿನಲ್ಲಿ, ತೀರಿಕೊಂಡರು. ಆ ದಿನದ ವರೆಗೂ ಅವರು ಕಾರ್ಯದರ್ಶಿಗಳೇ.

ಇಲ್ಲಿಯೇ ರಹೀಮರ ಆಡಳಿತದ ದೋಷವನ್ನೂ ಹೇಳಬೇಕಾಗುತ್ತದೆ. ಇಪ್ಪತ್ತು ವರ್ಷ ಒಂದು ಪೀಠದಲ್ಲಿ ಕುಳಿತವರು ತಮ್ಮ ಬಳಿಕ ಆ ಪೀಠದಲ್ಲಿ ಕೂರಬಲ್ಲ ಒಬ್ಬನನ್ನು ಸಿದ್ಧಪಡಿಸಲಿಲ್ಲ. ಅವರು ಆಟಗಾರರನ್ನು ತಯಾರಿಸಿದರು, ಕಾರ್ಯದರ್ಶಿಗಳನ್ನು ತಯಾರಿಸಲಿಲ್ಲ. ದುರ್ಬಲ ಕಾಲಿನ ಪಂದ್ಯ, ಗಿಡ್ಡ ಹುಡುಗರ ಪಂದ್ಯ ಇವುಗಳ ಹಿಂದಿನ ಯೋಚನೆಯೆಲ್ಲ ಒಬ್ಬರ ತಲೆಯಲ್ಲಿದ್ದಿತೇ ಹೊರತು ಸಂಘದ ಕಡತಗಳಲ್ಲಿ ಇಳಿದುಬರಲಿಲ್ಲ. ಕಟ್ಟಿದ ಯಂತ್ರವು ಕೆಲಕಾಲ ತನ್ನ ವೇಗದಿಂದಲೇ ಓಡಿತು: 1963ರ ರೋವರ್ಸ್ ಕಪ್ಪನ್ನು ಪೋಲೀಸ್ ತಂಡವು, ಆಗ ಆಂಧ್ರ ಪ್ರದೇಶ ಪೋಲೀಸ್ ಎಂಬ ಹೊಸ ಹೆಸರಿನಲ್ಲಿ, ಗೆದ್ದಿತು, 1965ರ ಸಂತೋಷ್ ಟ್ರೋಫಿಯೂ ಆಂಧ್ರ ಪ್ರದೇಶಕ್ಕೆ ಬಂದಿತು. ಅನಂತರ ಆ ಹೆಸರು ಮೇಲಿನ ಪಂಕ್ತಿಯಿಂದ ಇಳಿಯುತ್ತ ಹೋಯಿತು. ನುರಿತ ಹುಡುಗರನ್ನು ಕಲಕತ್ತೆಯ ಕ್ಲಬ್ಬುಗಳು ಮೊದಲಿನಿಂದಲೂ ಸೆಳೆಯುತ್ತಿದ್ದುವು. ರಹೀಮರ ಕಾಲದಲ್ಲಿ ಒಬ್ಬನು ಹೋದರೆ ಆ ಸ್ಥಾನಕ್ಕೆ ಇಬ್ಬರು ಬರುತ್ತಿದ್ದರು, ಅವರ ಬಳಿಕ ಬರುವವರು ಬರಲಿಲ್ಲ. ರಾಷ್ಟ್ರೀಯ ತಂಡದ ಮಟ್ಟಿಗೆ ಹೇಳುವುದಾದರೆ, 1970ರ ಬ್ಯಾಂಕಾಕ್ ಕೂಟದಲ್ಲಿ ಬೆಂಗಳೂರಿನ ಜಿ. ಎಂ. ಎಚ್. ಬಾಷಾ ಅವರ ಶಿಕ್ಷಣದಲ್ಲಿ ಕಂಚಿನ ಪದಕ ದೊರೆತುದೇ ಕಡೆ. ಏಷ್ಯನ್ ಕೂಟದ ಕಾಲ್ಚೆಂಡಾಟದಲ್ಲಿ ಭಾರತೀಯ ಪುರುಷರಿಗೆ ಅನಂತರ ಪದಕವೇ ಬಂದಿಲ್ಲ.

1961ರಲ್ಲಿ ಅರ್ಜುನ ಪ್ರಶಸ್ತಿಯು ಸ್ಥಾಪಿತವಾದಾಗ ಕಾಲ್ಚೆಂಡಾಟದ ಮೊದಲ ಪ್ರಶಸ್ತಿಯು ಪಿ. ಕೆ. ಬ್ಯಾನರ್ಜಿಯವರಿಗೆ ಸಂದಿತು, ಮರುವರ್ಷ ಬಲರಾಮರಿಗೆ, ಅನಂತರ ಚುನಿ ಗೋಸ್ವಾಮಿ, ಜರ್ನೈಲ್ ಸಿಂಗ್, ಯೂಸುಫ್ ಖಾನ್, ತಂಗರಾಜ್ ಇವರಿಗೆ. ಶಿಕ್ಷಕರಿಗೆಂದು ದ್ರೋಣಾಚಾರ್ಯ ಪ್ರಶಸ್ತಿಯು ಏರ್ಪಟ್ಟುದು 1985ರಲ್ಲಿ, ರಹೀಮರು ತೀರಿಕೊಂಡ ಇಪ್ಪತ್ತೆರಡು ವರ್ಷಗಳ ಬಳಿಕ. ಕ್ರೀಡಾ ಸಂಘದ ಕಾರ್ಯದರ್ಶಿಯ ಕೆಲಸಕ್ಕಂತೂ ಈ ದೇಶದಲ್ಲಿ ಹೊಗಳಿಕೆಯ ಪದ್ಧತಿಯೇ ಇಲ್ಲ. ಬೈಯುವ ಪದ್ಧತಿ ಮಾತ್ರ ಇದೆ.

ಮಗ ಹಕೀಮರು ವಾಯುಪಡೆಯಲ್ಲಿ ಸ್ಕ್ವಾಡ್ರನ್ ಲೀಡರರಾಗಿ, ಅಂತರರಾಷ್ಟ್ರೀಯ ರೆಫರಿಯಾಗಿ, ತರಬೇತುದಾರರಾಗಿ ಆ ಆಟದೊಡನೆಯೇ ಬಾಳಿದರು. 2017ರಲ್ಲಿ ಅವರಿಗೆ ಧ್ಯಾನ್‌ಚಂದ್ ಪ್ರಶಸ್ತಿಯೂ ದೊರೆಯಿತು. 2021ರ ಆಗಸ್ಟ್ 22ರಂದು, ಎಂಬತ್ತೆರಡರ ವಯಸ್ಸಿನಲ್ಲಿ, ಅವರು ಕೊನೆಯುಸಿರೆಳೆದುದು ಕಲಬುರಗಿಯ ಆಸ್ಪತ್ರೆಯೊಂದರಲ್ಲಿ. ತಂದೆಯು ಕಾರ್ಯದರ್ಶಿಯಾದಾಗ ಆ ಊರು ಹೈದರಾಬಾದ್ ಸಂಸ್ಥಾನದೊಳಗಣ ಒಂದು ಸುಬಾದ ಮುಖ್ಯ ಪಟ್ಟಣವಾಗಿದ್ದಿತು.